ನೋವಿಲ್ಲದ ಎರಡು ಹೆಜ್ಜೆ

ರಾಧಾಬಾಯಿಯ ಮಡಿ ಅಂದರೆ ಅಂತಿಂಥ ಮಡಿಯಲ್ಲ. ಹೊಸಪೇಟೆಯಿಂದ ಕಂಪ್ಲಿಯವರೆಗೆ ವೈಷ್ಣವರ ಮನೆಗಳಲ್ಲಿ ತಿಥಿ ಹತ್ತಿರ ಬಂತೆಂದರೆ ಮೊದಲು ಹೇಳಿಕಳಿಸುತ್ತಿದ್ದುದು ಪುರೋಹಿತರಿಗಲ್ಲ, ಇವರಿಗೆ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ, ವಡೆ, ಪಾಯಸ, ಎಳ್ಳುಂಡೆ ಎಲ್ಲ ಮುಗಿದು ಎಲೆ ಹಾಕುವವರೆಗೆ ಅವರು ಏಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯ ಯಜಮಾನನೇ ಬಂದರೂ ಹೊಸ್ತಿಲಾಚೆ ನಿಂತು ಮಾತಾಡಬೇಕು. ಅಂಬೆಗಾಲಿಡುವ ಕೂಸು ಅತ್ತ ಬಂದರೆ ಅದಕ್ಕೂ ದೂರದಿಂದಲೇ ಗದರಿಕೆ.

ಸೊಸೆ ಮಾಧವಿ ಮದುವೆಯಾಗಿ ಬಂದ ಮೊದಲ ವಾರವೇ ತಿಳಿಯದೆ ಮಡಿ ನೀರಿನ ಕೊಡಕ್ಕೆ ಕೈ ತಾಗಿಸಿದ್ದಳು. ರಾಧಾಬಾಯಿ ಬೈಯಲಿಲ್ಲ. ಕೊಡ ಎತ್ತಿ ಅಂಗಳಕ್ಕೆ ನೀರು ಚೆಲ್ಲಿ, ಸುಮ್ಮನೆ ಮತ್ತೆ ಬಾವಿಗೆ ಹೋದರು. ಬೈದಿದ್ದರೆ ಮಾಧವಿ ಎರಡು ದಿನ ಅತ್ತು ಮರೆಯುತ್ತಿದ್ದಳೋ ಏನೋ, ಚೆಲ್ಲಿದ ನೀರನ್ನು ಮರೆಯಲಿಲ್ಲ. ಅಂದಿನಿಂದ ಅತ್ತೆಯ ಬಾಯಲ್ಲಿ ‘ಮಡಿ’ ಅನ್ನುವ ಮಾತು ಬಂದರೆ ಸಾಕು, ಅವಳ ಕೈ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಇಷ್ಟೊಂದು ಕಟ್ಟುನಿಟ್ಟಿನ ಹೆಂಗಸಿನ ಮೊಣಕಾಲುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ನಲವತ್ತು ವರ್ಷ ಹಸಿ ನೆಲದ ಮೇಲೆ ಕುಕ್ಕರಿಸಿ ಕೂತದ್ದಕ್ಕೆ ಐವತ್ತೈದು ದಾಟುವಷ್ಟರಲ್ಲಿ ಎರಡೂ ಸವೆದವು. ಆಮೇಲಿನ ಹನ್ನೆರಡು ವರ್ಷ ರಾಧಾಬಾಯಿ ನೋವಿನ ಜೊತೆ ಸಂಸಾರ ಮಾಡಿದರು. ಯಾವ ಮೆಟ್ಟಿಲಿಗೆ ಎಡಗಾಲು ಮೊದಲು, ಯಾವುದಕ್ಕೆ ಬಲಗಾಲು, ಎಲ್ಲಿ ಗೋಡೆ ಹಿಡಿಯಬೇಕು, ಎಲ್ಲಿ ಎರಡು ಉಸಿರು ನಿಲ್ಲಬೇಕು, ಎಲ್ಲವನ್ನೂ ಅವರಿಗೆ ಹೇಳಿಕೊಡುತ್ತಿದ್ದುದು ನೋವೇ. ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಹೊಟ್ಟೆ ಉರಿಸಿಕೊಂಡರು. ಸಂಡೂರಿನಿಂದ ಯಾರೋ ತಂದುಕೊಟ್ಟ ಎಣ್ಣೆ ಹಚ್ಚಿದರು. ಮೊಣಕಾಲಿಗೇ ಸೂಜಿ ಚುಚ್ಚಿಸಿಕೊಂಡರು. ತಿಥಿಯ ಅಡುಗೆಗೆ ಹೋಗುವುದು ನಿಂತಿತು. ಕೊನೆಗೆ ಸ್ವಂತ ಮನೆಯ ಅಡುಗೆಮನೆಯ ಹೊಸ್ತಿಲು ದಾಟುವುದೇ ಒಂದು ದಿನದ ಕೆಲಸವಾಯಿತು.

ನೋವಿಗೆ ಅವರು ಹೆದರಿದವರಲ್ಲ. ಅವರ ಹೆದರಿಕೆ ಬೇರೆಯದು. ಅವರ ಅತ್ತೆಯೂ ಇಂಥದೇ ಮಡಿ ಹೆಂಗಸು, ಸೊಂಟ ಮುರಿದುಕೊಂಡು ಏಳು ವರ್ಷ ಹಾಸಿಗೆಯಲ್ಲಿದ್ದವರು. ಆ ಏಳು ವರ್ಷ ಅವರನ್ನು ಎತ್ತಿದ್ದು, ಹೊರಳಿಸಿದ್ದು, ಒರೆಸಿದ್ದು ಎಲ್ಲ ರಾಧಾಬಾಯಿಯೇ. ಕೈ ಇಟ್ಟಾಗಲೆಲ್ಲ ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿತ್ತು. ಆ ಅಳು ಕೇಳಿ ಕೇಳಿ ರಾಧಾಬಾಯಿ ಒಂದನ್ನು ನಿಶ್ಚಯ ಮಾಡಿಕೊಂಡಿದ್ದರು: ಸಾವು ಬಂದರೆ ಬರಲಿ, ಅಡ್ಡಿಯಿಲ್ಲ, ಆದರೆ ಇನ್ನೊಬ್ಬರು ಎತ್ತಿ ಕೂರಿಸುವ ಗತಿ ತನಗೆ ಬರಬಾರದು. ಆಪರೇಶನ್ನಿಗೆ ಒಪ್ಪಿದ್ದು ಅದಕ್ಕಾಗಿ. ಮಗ ಭಾರ್ಗವ್ ಎರಡು ವರ್ಷದಿಂದ ಗೋಗರೆದಿದ್ದಕ್ಕೂ ಅಲ್ಲ, ನೋವು ತಡೆಯಲಾರದ್ದಕ್ಕೂ ಅಲ್ಲ.

ಡಾಕ್ಟರ್ ಈಶ್ವರ್ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. “ನೋಡ್ರಿ ಅಮ್ಮಾ, ಎರಡೂ ಸವದಾವ. ಎಲುಬಿಗೆ ಎಲುಬು ತಿಕ್ಕಾಕತ್ತಾವ. ಮೊದ್ಲು ಎಡಗಾಲು ಮಾಡೂಣು, ನಾಲ್ಕು ತಿಂಗಳು ಬಿಟ್ಟು ಬಲಗಾಲು.”

“ಮಾಡ್ರಿ. ಆದ್ರ ಆಮ್ಯಾಲ ಅಫೀಮಿನ ಔಷಧ ಕೊಡ್ತಾರಂತಲ್ರಿ? ನಶಾ ಏರಿ ಬಾಯಿಗೆ ಬಂದಂಗ ಮಾತಾಡ್ತಾರಂತ. ನನಗ ಅದು ಬ್ಯಾಡ.”

ಡಾಕ್ಟರು ನಕ್ಕರು. “ಅದನ್ನ ನಾವೂ ಕೊಡಂಗಿಲ್ರಿ. ವಯಸ್ಸಾದವ್ರಿಗೆ ವಾಂತಿ ಆಗ್ತದ, ಮಂಪರು ಹಿಡೀತದ. ಅದರ ಬದ್ಲಿ ತೊಡಿ ಹತ್ರ ಒಂದು ಸಣ್ಣ ನಳಿಗಿ ಇಡ್ತೀವಿ. ಅದರಾಗ ಹನಿ ಹನಿ ಔಷಧಿ ಇಳೀತದ, ಕಾಲಿನ ನರ ಜೋಮು ಹಿಡೀತದ. ಜೊತಿಗೆ ಹೊತ್ತಿಗೆ ಸರಿಯಾಗಿ ಗುಳಿಗಿ, ಐಸ್. ತಲಿ ಮಾತ್ರ ನೆಟ್ಟಗಿರ್ತದ, ಬೇಕಾದಷ್ಟು ಜಪ ಮಾಡ್ರಿ.” ಆಮೇಲೆ ಬೆರಳೆತ್ತಿ ಹೇಳಿದರು: “ಆದ್ರ ಒಂದ್ ಮಾತು. ನಳಿಗಿ ಇರೋತನಕ ಕಾಲಾಗ ನೋವೂ ಇರಂಗಿಲ್ಲ, ಕಸುವೂ ಇರಂಗಿಲ್ಲ. ಒಬ್ರೇ ಏಳಬ್ಯಾಡ್ರಿ. ಪಟ್ಟಾ ಕಟ್ಕೊಂಡು, ಇಬ್ರು ಹಿಡಕೊಂಡ್ರ ಮಾತ್ರ ನಿಂದ್ರಬೇಕು.”

ರಾಧಾಬಾಯಿಗೆ ತಲೆ ನೆಟ್ಟಗಿರುತ್ತದೆ ಎಂಬುದು ಕೇಳಿಸಿತು. ಕಾಲು ನೆಟ್ಟಗಿರುವುದಿಲ್ಲ ಎಂಬುದೂ ಕಿವಿಗೆ ಬಿದ್ದಿತ್ತು, ಆದರೆ ಮನಸ್ಸಿಗೆ ಇಳಿಯಲಿಲ್ಲ. ಜನ ತಮಗೆ ಬೇಕಾದ ಅರ್ಧವನ್ನಷ್ಟೇ ಮನೆಗೆ ಒಯ್ಯುತ್ತಾರೆ, ರಾಧಾಬಾಯಿಯೂ ಅಷ್ಟೇ ಒಯ್ದರು.

ಡಾಕ್ಟರು ಬಳ್ಳಾರಿಯಿಂದ ಬರುವವರು, ಬುಧವಾರ ಮಾತ್ರ ಆಪರೇಶನ್. ಸಿಕ್ಕ ಬುಧವಾರ ದಶಮಿಯಾಗಿತ್ತು. ಮರುದಿನ ಏಕಾದಶಿ. ನೀರನ್ನೂ ಮುಟ್ಟದ ಉಪವಾಸ ಅವರದು. ಭಾರ್ಗವ್ ತಲೆ ಕೆರೆದುಕೊಂಡು, “ಮುಂದಿನ ವಾರಕ್ಕ ಹಾಕ್ಸೂಣೇನಮ್ಮ?” ಎಂದ.

“ಯಾಕ? ಏಕಾದಶಿ ದಿನ ನಾ ಹೆಂಗೂ ತಿನ್ನಂಗಿಲ್ಲ, ಆಪರೇಶನ್ ಆದವ್ರಿಗೂ ಊಟ ಸೇರಂಗಿಲ್ಲ. ಎರಡೂ ಒಂದ್ರಾಗ ಮುಗೀತದ.”

ಹಾಗೆ ಬುಧವಾರ ಆಪರೇಶನ್ ಆಯಿತು, ಚೆನ್ನಾಗಿಯೇ ಆಯಿತು. ಗುರುವಾರ ಬೆಳಿಗ್ಗೆ ಕಣ್ಣು ಬಿಟ್ಟರೆ ಎಡಗಾಲು ಇದೆಯೋ ಇಲ್ಲವೋ ಎಂಬಷ್ಟು ಹಗುರ. ನರ್ಸ್ ಸುಷ್ಮಿತಾ ಗುಳಿಗೆಯ ಬಟ್ಟಲು ತಂದರೆ ರಾಧಾಬಾಯಿ ಬಾಯಿ ಬಿಗಿದರು. ಸಲೈನಿನ ಬಗ್ಗೆ ಮಾತ್ರ ತಾವೇ ಶಾಸ್ತ್ರ ಮಾಡಿಕೊಂಡಿದ್ದರು: ನರದಲ್ಲಿ ಹೋದದ್ದು ನಾಲಿಗೆ ದಾಟಿದಂತಲ್ಲ, ನಡೆಯುತ್ತದೆ.

“ಗುಳಿಗಿ ಬಿಡಬಾರದ್ರಿ ಅಜ್ಜೀ. ನಳಿಗಿ ತಗದ ಮ್ಯಾಲ ಒಮ್ಮಿಂದೊಮ್ಮೆ ನೋವು ಬರ್ತದ,” ಎಂದಳು ಸುಷ್ಮಿತಾ.

“ನಾಳೆ ಪಾರಣಿ ಆಗ್ಲವ್ವ, ಆಮ್ಯಾಲ ಎಷ್ಟು ಬೇಕಷ್ಟು ಕೊಡು.”

ಸಂಜೆ ಆಸ್ಪತ್ರೆಯವರು ಇಬ್ಬರು ಬಂದು, ಮೊಣಕಾಲಿಗೆ ಪಟ್ಟಾ ಕಟ್ಟಿ, ಎರಡೂ ಕಂಕುಳಲ್ಲಿ ಕೈ ಕೊಟ್ಟು ಅವರನ್ನು ನಿಲ್ಲಿಸಿದರು. ಮಂಚದಿಂದ ಬಾಗಿಲವರೆಗೆ ನಡೆಸಿ ಕರೆತಂದರು. ಬಳ್ಳಾರಿಗೆ ಹೊರಡುವ ಮುಂಚೆ ನೋಡಲು ಬಂದ ಡಾಕ್ಟರು ಹತ್ತರಲ್ಲಿ ನೋವೆಷ್ಟು ಎಂದು ಕೇಳಿದಾಗ ರಾಧಾಬಾಯಿ ಸೊನ್ನೆ ಎಂದರು. ಡಾಕ್ಟರು ಅದನ್ನು ಕಾಗದದಲ್ಲಿ ಬರೆದುಕೊಂಡು ಖುಷಿಯಿಂದ ಹೋದರು. ರಾಧಾಬಾಯಿಗೆ ಆದ ಖುಷಿಯ ಮುಂದೆ ಅದು ಏನೂ ಅಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರು ಹಲ್ಲು ಕಚ್ಚದೆ ನಿಂತಿದ್ದರು. ಹಿಡಿದುಕೊಂಡವರ ನಾಲ್ಕು ಕೈಗಳ ಲೆಕ್ಕ ಅವರ ಮನಸ್ಸಿನಲ್ಲಿ ಉಳಿಯಲೇ ಇಲ್ಲ.

ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಹೊತ್ತು ಕಡಿಮೆ. ಏಳು ಗಂಟೆಯೊಳಗೆ ತೀರ್ಥ ತೆಗೆದುಕೊಂಡು ಉಪವಾಸ ಬಿಡಬೇಕು. ಭಾರ್ಗವ್ ದೋಣಿಮಲೈ ಗಣಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದಾನೆ, ವಾರವಿಡೀ ಅಲ್ಲಿನ ಕ್ವಾರ್ಟರ್ಸಿನಲ್ಲೇ ಇರುತ್ತಾನೆ. ಆಪರೇಶನ್ನಿಗೆಂದು ಎರಡು ದಿನ ರಜೆ ಹಾಕಿದ್ದವನು ಶುಕ್ರವಾರ ಬಸ್ಸಿಗೆ ಹೋಗಲೇಬೇಕಿತ್ತು. ಸ್ನಾನ ಮಾಡಿ, ರೇಷ್ಮೆ ಪಂಚೆ ಉಟ್ಟು, ಮನೆಯ ದೇವರ ತೀರ್ಥವನ್ನು ಬೆಳ್ಳಿ ಬಟ್ಟಲಲ್ಲಿ ತುಳಸಿಯ ಜೊತೆ ತಂದ. ಸ್ಕೂಟರಿನ ಮೇಲೆ ಬಂದ ಮಡಿ ಎಂಥ ಮಡಿ ಎಂದು ಕೇಳಬೇಡಿ, ಆಪತ್ತಿಗೆ ರಾಧಾಬಾಯಿ ಅಷ್ಟು ರಿಯಾಯಿತಿ ಕೊಟ್ಟಿದ್ದರು. ಆದರೆ ಮಂಚದ ಪಕ್ಕದ ಮೇಜಿನ ಮೇಲೆ ಬೆಡ್‌ಪ್ಯಾನು, ಔಷಧಿ. ಅಲ್ಲಿ ತೀರ್ಥ ಇಡುವುದು ಹೇಗೆ? ತಾಯಿ ಇನ್ನೂ ಮಡಿಯಾಗಿರಲಿಲ್ಲ, ಹಾಗಾಗಿ ಕಿಟಕಿಯ ಕಟ್ಟೆ ಒರೆಸಿ ಅದರ ಮೇಲಿಟ್ಟು, ಬಟ್ಟೆ ಬದಲಿಸಿ, ಅವನು ಬಸ್ಸಿಗೆ ಓಡಿದ.

ಸುಷ್ಮಿತಾ ಬಂದು ಕಾಲಿನ ಪಟ್ಟಾ ಬಿಚ್ಚಿ, ಬಿಸಿನೀರಿನಲ್ಲಿ ಮೈ ಒರೆಸಿದಳು. “ಹಂಗ ಕುಂತಿರ್ರಿ ಅಜ್ಜೀ, ಏಳಬ್ಯಾಡ್ರಿ. ಇನ್ನೊಬ್ರನ್ನ ಕರಕೊಂಡು ಬಂದು ಪಟ್ಟಾ ಕಟ್ತೀನಿ,” ಎಂದು ಹೊರಗೆ ಹೋದಳು. ಅವಳು ಅತ್ತ ಹೋದದ್ದೇ ರಾಧಾಬಾಯಿ ಚೀಲದಲ್ಲಿ ಪ್ರತ್ಯೇಕ ಇಡಿಸಿದ್ದ ರೇಷ್ಮೆ ಸೀರೆ ತೆಗೆದು ಮೈಗೆ ಸುತ್ತಿಕೊಂಡು, ಕಣ್ಣು ಮುಚ್ಚಿ ಸಂಕಲ್ಪ ಹೇಳಿದರು. ಅಲ್ಲಿಗೆ ಮಡಿಯಾಯಿತು. ಎರಡು ರಾತ್ರಿ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದ ಮಾಧವಿ ಮೈಲಿಗೆ, ಆ ಬಟ್ಟಲನ್ನು ಮುಟ್ಟುವಂತಿಲ್ಲ. ಕಿಟಕಿ ಮೂರು ಹೆಜ್ಜೆ ದೂರ. ಗಡಿಯಾರದಲ್ಲಿ ಆರೂ ಮುಕ್ಕಾಲು.

ರಾಧಾಬಾಯಿ ಎರಡೂ ಕಾಲು ಕೆಳಗೆ ಬಿಟ್ಟು ಎದ್ದು ನಿಂತರು.

ಬಲಗಾಲು ಎಂದಿನಂತೆ ಚುಚ್ಚಿತು. ಎಡಗಾಲಿನಲ್ಲಿ ಏನೂ ಇಲ್ಲ. ಬಲಗಾಲಿನ ಮೇಲೆ ಭಾರ ಹಾಕಿ ಎಡಗಾಲಿನಿಂದ ಒಂದು ಹೆಜ್ಜೆ ಇಟ್ಟರು. ಆ ಒಂದು ಕ್ಷಣ ಅವರ ಮುಖದ ಮೇಲೆ ಬಂದ ನಗುವನ್ನು ಮಾಧವಿ ಆ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ಎಲ್ಲ ಮುಗಿಯಿತು, ಇನ್ನು ಯಾರ ಹಂಗೂ ಇಲ್ಲ, ದೇವರು ಕಾಲು ಕೊಟ್ಟ ಎಂದು ರಾಧಾಬಾಯಿ ನಿಜಕ್ಕೂ ನಂಬಿದ್ದರು.

“ಅತ್ತೀ, ತಡೀರಿ, ಸಿಸ್ಟರ್ ಬರ್ಲಿ,” ಎನ್ನುತ್ತ ಮಾಧವಿ ಎರಡೂ ಕೈ ಚಾಚಿ ಮುಂದೆ ಬಂದಳು. ಅವಳ ಬೆರಳುಗಳು ತೋಳಿಗೆ ಇನ್ನೇನು ತಾಗಬೇಕು.

“ಮುಟ್ಟಬ್ಯಾಡ! ಮಡಿಯಾಗೀನಿ!”

ಕೈ ಹಿಂದಕ್ಕೆ ಹೋಯಿತು. ಮಾಧವಿ ಯೋಚಿಸಿ ತೆಗೆದ ಕೈಯಲ್ಲ ಅದು, ಇಪ್ಪತ್ತೆರಡು ವರ್ಷ ಹೇಗೆ ಹೋಗುತ್ತಿತ್ತೋ ಹಾಗೆಯೇ ಹೋಯಿತು. ರಾಧಾಬಾಯಿ ಎರಡನೆಯ ಹೆಜ್ಜೆಗೆಂದು ಭಾರವನ್ನು ಎಡಗಾಲಿನ ಮೇಲೆ ಹಾಕಿದರು. ಕಾಲು ಅಲ್ಲಿರಲಿಲ್ಲ. ಮೊಣಕಾಲು ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡು, ಇಡೀ ಮೈ ಅದರ ಮೇಲೆ ಕುಸಿಯಿತು. ಏನೋ ಹರಿದ ಸದ್ದನ್ನು ಇಬ್ಬರೂ ಕೇಳಿದರು. ಬೀಳುವಾಗ ಕೈ ಬಡಿದು ಕಿಟಕಿಯ ಬಟ್ಟಲು ಉರುಳಿತು.

ಆಗಲೂ ನೋವಾಗಲಿಲ್ಲ. ತಮ್ಮ ಕೆಳಗೆ ಮುರುಟಿಕೊಂಡ ಕಾಲನ್ನು ರಾಧಾಬಾಯಿ ಯಾರದೋ ಕಾಲೆಂಬಂತೆ ನೋಡಿದರು. ಬಿಳಿ ಬ್ಯಾಂಡೇಜಿನಲ್ಲಿ ಕೆಂಪು ಹರಡತೊಡಗಿತ್ತು. “ತೀರ್ಥ ಚೆಲ್ಲಿತೇನ?” ಎಂದು ಕೇಳಿದರು. ಮಾಧವಿ ಬಾಗಿಲಿಗೆ ಓಡಿ ಸುಷ್ಮಿತಾಳ ಹೆಸರು ಹಿಡಿದು ಕೂಗುತ್ತಿದ್ದಳು.

ಮೊಣಚಿಪ್ಪಿನ ಕೆಳಗಿನ ದಪ್ಪ ಸ್ನಾಯುಪಟ್ಟಿ ಹರಿದಿತ್ತು. ಕಾಲನ್ನು ನೆಟ್ಟಗೆ ಚಾಚುವುದು ಅದರ ಕೆಲಸ. ಡಾಕ್ಟರನ್ನು ಬಳ್ಳಾರಿಯಿಂದ ಕರೆಸಿ, ಅದೇ ದಿನ ಮತ್ತೆ ಒಳಗೆ ಒಯ್ದು ಹೊಲಿದರು. ಸುದ್ದಿ ಮುಟ್ಟಿ ಭಾರ್ಗವ್ ದೋಣಿಮಲೈಯಿಂದ ಸಿಕ್ಕ ಜೀಪು ಹತ್ತಿ ಬಂದಾಗ ಮಧ್ಯಾಹ್ನ. ಧೂಳು ಮೆತ್ತಿದ ಅಂಗಿಯಲ್ಲೇ ಮಂಚದ ಬಳಿ ನಿಂತು ಹೆಂಡತಿಯ ಮೇಲೆ ಹರಿಹಾಯ್ದ.

“ಅಲ್ಲೇ ಇದ್ದೆಲ್ಲ ನೀನು! ಒಂದು ಕೈ ಹಿಡೀಲಿಕ್ಕೆ ಆಗಲಿಲ್ಲೇನು? ಏನ್ ನೋಡ್ಕೋತ ನಿಂತಿದ್ದಿ?”

ಮಾಧವಿ ಅತ್ತೆಯ ಕಡೆ ನೋಡಿದಳು. ಹೇಳುತ್ತಾರೆ ಎಂದು ಕಾದಳು. ರಾಧಾಬಾಯಿಗೆ ಎಚ್ಚರವಿತ್ತು. ಡಾಕ್ಟರು ಮಾತು ಕೊಟ್ಟಂತೆ ತಲೆ ನೆಟ್ಟಗಿತ್ತು, ಮಗನ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಮಲಗಿಬಿಟ್ಟರು. ಅಫೀಮು ಕೊಟ್ಟಿದ್ದರೆ ಆ ನಿದ್ದೆಯಾದರೂ ನಿಜವಾಗಿರುತ್ತಿತ್ತು. ಯಾಕೆ ಹಾಗೆ ಮಾಡಿದೆ ಎಂದು ಅವರು ಆಮೇಲೆ ತಮ್ಮನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಾರೆ. ನಾಚಿಕೆ, ಬೇರೇನೂ ಅಲ್ಲ. ಅರವತ್ತೇಳು ವರ್ಷದ ಹೆಂಗಸು ಒಂದು ಹನಿ ತೀರ್ಥಕ್ಕಾಗಿ ಕಾಲು ಕಳೆದುಕೊಂಡೆ ಎಂದು ಯಾವ ಬಾಯಲ್ಲಿ ಹೇಳಬೇಕು? ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ಬಂತು, ಹೋಯಿತು. ಮಾಧವಿಯೂ ಬಾಯಿ ಬಿಡಲಿಲ್ಲ.

ಎರಡೂವರೆ ತಿಂಗಳು ಕಾಲು ಪ್ಲಾಸ್ಟರಿನಲ್ಲಿತ್ತು. ಬಿಚ್ಚಿದಾಗ ಹೊಲಿಗೆ ಕೂಡಿರಲಿಲ್ಲ. ಮತ್ತೊಮ್ಮೆ ಹೊಲಿದರು, ಅದೂ ಹಿಡಿಯಲಿಲ್ಲ. ಒಳಗಿನ ಹೊಸ ಕೀಲು ಹೊಳೆಯುತ್ತ ಚೆನ್ನಾಗಿಯೇ ಇದೆ, ಎಕ್ಸ್‌ರೇಯಲ್ಲಿ ನೋಡಿದವರು ಭೇಷ್ ಅನ್ನಬೇಕು. ಆದರೆ ಕಾಲು ತಾನಾಗಿ ಚಾಚುವುದಿಲ್ಲ, ಭಾರ ಹಾಕಿದರೆ ಮಡಚಿಕೊಳ್ಳುತ್ತದೆ. ಸವೆದ ಬಲಗಾಲು ಒಂದೇ ಮೈ ಹೊರಲಾರದು. ಅದನ್ನೂ ಬದಲಿಸುವ ಮಾತನ್ನು ಡಾಕ್ಟರ್ ಈಶ್ವರ್ ಎತ್ತಲಿಲ್ಲ. ಒಂದು ದಿನ ರಾಧಾಬಾಯಿಯೇ ಕೇಳಿದರೆ ಅವರು ತಲೆ ಕೆಳಗೆ ಹಾಕಿ, “ಈಗ ಅದರಿಂದ ಉಪಯೋಗ ಇಲ್ರಿ ಅಮ್ಮಾ,” ಎಂದರು. ನೋವು ಹೇಗಿದೆ ಎಂದರು. ಅಷ್ಟೇನಿಲ್ಲ ಎಂದರು ರಾಧಾಬಾಯಿ. ಸುಳ್ಳಲ್ಲ, ಹೊತ್ತಿಗೆ ಸರಿಯಾಗಿ ಗುಳಿಗೆ ನಡೆಯುತ್ತಿತ್ತು.

ಯಾವುದು ಬರಬಾರದೆಂದು ಕಾಲು ಕೊಯ್ಯಿಸಿಕೊಂಡರೋ ಅದೇ ಬಂತು. ಪಡಸಾಲೆಯ ಮಂಚದ ಮೇಲೆ ಒಂದೂವರೆ ವರ್ಷ ಕಳೆಯಿತು. ಬೆಳಿಗ್ಗೆ ಎತ್ತಿ ಕೂರಿಸುವುದು, ಕಮೋಡಿನ ಕುರ್ಚಿಗೆ ಸರಿಸುವುದು, ಒರೆಸುವುದು, ಸೀರೆ ಬದಲಿಸುವುದು, ಮಧ್ಯಾಹ್ನ ಹೊರಳಿಸಿ ಬೆನ್ನಿಗೆ ಪೌಡರು ಹಾಕುವುದು, ಎಲ್ಲ ಮಾಧವಿ. ದಿನಕ್ಕೆ ಹತ್ತು ಸಲವಾದರೂ ಅವಳ ಕೈ ಮೈ ಮೇಲೆ. ಮಡಿ ಎಂಬ ಮಾತನ್ನು ರಾಧಾಬಾಯಿ ಎತ್ತುವುದೇ ಬಿಟ್ಟರು. ನೋಡಲು ಬಂದ ನೆಂಟರು ಮಾಧವಿ ಕೊಟ್ಟ ಕಾಫಿ ಕುಡಿಯುತ್ತ, “ಪಾಪ, ಸೊಸಿ ಎದುರಿಗಿದ್ದೂ ಬಿದ್ರಂತ,” ಎಂದು ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ರಾಧಾಬಾಯಿ ಜಪಮಣಿ ಎಣಿಸುತ್ತಿದ್ದರು.

ಒಂದು ಮಧ್ಯಾಹ್ನ ಮಾಧವಿ ಅವರನ್ನು ಕುರ್ಚಿಯಿಂದ ಎತ್ತಿ ಮಂಚಕ್ಕೆ ಸರಿಸುತ್ತಿದ್ದಳು. ಮುಖಕ್ಕೆ ಮುಖ ಹತ್ತಿರವಿತ್ತು. ಎಷ್ಟು ದಿನದಿಂದ ಒಳಗೆ ಕೊಳೆಯುತ್ತಿತ್ತೋ, ರಾಧಾಬಾಯಿಯ ಬಾಯಿಂದ ಥಟ್ಟನೆ ಬಂತು: “ಅವತ್ತ ನಾ ಬ್ಯಾಡ ಅಂದ್ರೂ ನೀ ಹಿಡೀಬೇಕಾಗಿತ್ತು.”

ಮಾಧವಿ ಅವರನ್ನು ಮಲಗಿಸಿ, ದಿಂಬು ಸರಿಮಾಡಿ, ಆಮೇಲೆ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಹಿಡೀಬೇಕಾಗಿತ್ತು, ಖರೆ. ಹಿಡಿದಿದ್ರ ನೀವು ಬೀಳ್ತಿರ್ಲಿಲ್ಲ. ಬೀಳ್ಲಿಲ್ಲ ಅಂದ ಮ್ಯಾಲ ನಾ ಯಾಕ ಹಿಡಿದೆ ಅಂತ ನಿಮಗ ಗೊತ್ತಾಗ್ತನೂ ಇರ್ಲಿಲ್ಲ. ಆಸ್ಪತ್ರಿಯೊಳಗ ಮುಟ್ಟಿ ಪಾರಣಿ ಕೆಡಿಸಿದ್ಳು ಅಂತ ನಾ ಸಾಯೋತನಕ ಆಡ್ತಿದ್ರಿ, ಅತ್ತೀ.”

ರಾಧಾಬಾಯಿಗೆ ಗೊತ್ತಿತ್ತು: ಅವಳು ಹೇಳಿದ್ದು ಅಕ್ಷರಶಃ ನಿಜ. ಖಂಡಿತ ಆಡುತ್ತಿದ್ದರು. ಎರಡೂ ಕಾಲ ಮೇಲೆ ನಿಂತುಕೊಂಡು ಆಡುತ್ತಿದ್ದರು. ಹಾಗೆ ನೋಡಿದರೆ ಅವಳಿಗೆ ಯಾವ ದಾರಿಯನ್ನೂ ತಾವು ಉಳಿಸಿರಲಿಲ್ಲ. ಆ ಸಂಜೆ ಅವರು ಊಟ ಬಿಟ್ಟರು. ಕಾಲಂತೂ ಹೋಯಿತು, ಈ ಒಂದು ಕೆಲಸಕ್ಕೆ ಕಾಲು ಬೇಕಿಲ್ಲ, ನಾಲಿಗೆ ಸಾಕು ಎಂದುಕೊಂಡರು. ಭಾರ್ಗವ್ ಬರುವುದನ್ನು ಕಾದರು.

ಭಾನುವಾರ ಊಟವಾದ ಮೇಲೆ ಭಾರ್ಗವ್ ಮಂಚದ ತುದಿಗೆ ಕೂತು ತಾಯಿಯ ಕಾಲುಗುರು ಕತ್ತರಿಸುತ್ತಿದ್ದ. ಒಳ್ಳೆಯ ಮಗ, ಅದರಲ್ಲಿ ಎರಡು ಮಾತಿಲ್ಲ.

“ಭಾರ್ಗವಾ, ಆಸ್ಪತ್ರಿಯೊಳಗ ಮಾಧವಿ ನನ್ನ ಹಿಡೀಲಿಕ್ಕೆ ಬಂದಿದ್ಳು. ನಾನ ಮುಟ್ಟಬ್ಯಾಡ ಅಂದೆ. ಮಡಿಯಾಗೀನಿ ಅಂತ ಒದರಿದೆ. ಆಕೀ ತಪ್ಪಿಲ್ಲ.”

ಭಾರ್ಗವ್ ತಲೆ ಎತ್ತದೆ ನಕ್ಕ. “ಗೊತ್ತದ ಬಿಡಮ್ಮ.”

“ಏನ್ ಗೊತ್ತದ?”

“ನಾ ಆಕೀನ ಬೈದದ್ದು ನಿನ್ನ ಮನಸ್ಸಿಗೆ ಹತ್ತೇದ. ಒಂದೂವರಿ ವರ್ಷ ಇಲ್ಲದ್ದು ಈಗ ನೆನಪಾತೇನು? ಸೊಸೀ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳೋ ಅತ್ತಿ ಊರಾಗ ಎಷ್ಟು ಮಂದಿ ಇದ್ದಾರು, ಹೇಳು.”

“ರಾಯರ ಆಣಿ ಮಾಡಿ ಹೇಳ್ತೀನಿ, ಖರೇನ!”

“ಆಣಿ ಗೀಣಿ ಬ್ಯಾಡಮ್ಮ. ನೀ ಸಂಕಟ ಪಡಬ್ಯಾಡ. ನಾ ಆಕೀನ ಎಂದೋ ಮಾಫ್ ಮಾಡೀನಿ.”

ಮಾಧವಿ ಬಿಸಿನೀರಿನ ಬೋಗುಣಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೊನೆಯ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು. ರಾಧಾಬಾಯಿ ಅವಳ ಮುಖ ನೋಡಿದರು. ಅಲ್ಲಿ ಆಶ್ಚರ್ಯವೂ ಇರಲಿಲ್ಲ. ಬೋಗುಣಿಯನ್ನು ಕೆಳಗಿಟ್ಟು, ಎಂದಿನಂತೆ ಒಂದು ಕೈ ಅತ್ತೆಯ ಬೆನ್ನಿಗೆ, ಇನ್ನೊಂದು ಮೊಣಕಾಲಿನ ಕೆಳಗೆ ಕೊಟ್ಟು ಗೋಡೆಯ ಕಡೆ ಹೊರಳಿಸಿದಳು.

ರಾಧಾಬಾಯಿ ಅತ್ತರು. ಬಿದ್ದ ದಿನ ಅಳದವರು, ಹೊಲಿಗೆ ಹಿಡಿಯಲಿಲ್ಲ ಎಂದಾಗ ಅಳದವರು, ಈಗ ಮಂಚ ಅಲುಗುವಂತೆ ದನಿ ತೆಗೆದು ಅತ್ತರು. ಭಾರ್ಗವ್ ಗಾಬರಿಯಾಗಿ ಎದ್ದು ನಿಂತ.

“ನೋವಾಗಾಕತ್ತೇದ ಅನಸ್ತದ. ಗುಳಿಗಿ ಕೊಡು ಮಾಧವಿ, ಜಲ್ದಿ.”

ಮಾಧವಿ ಕೈ ಒರೆಸಿಕೊಂಡು ಗುಳಿಗೆ ಬಿಡಿಸಿದಳು. ಅತ್ತೆಯ ತಲೆಯನ್ನು ತೋಳಿನಲ್ಲಿ ಎತ್ತಿ, ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು, ನೀರಿನ ಲೋಟವನ್ನು ತುಟಿಗೆ ಹಿಡಿದಳು. ರಾಧಾಬಾಯಿ ನುಂಗಿದರು.